ಕುಳಿತುಕೊಳ್ಳಿ, ಮಾನ್ಯ ಸದಸ್ಯರೇ

ಸದನದ ರೀತಿನೀತಿ ಬಲ್ಲವರು ಇದನ್ನು ಹೇಳಹೊರಟ ನನ್ನ ಧೈರ್ಯವನ್ನು ಕ್ಷಮಿಸಬೇಕು. "ಕುಳಿತುಕೊಳ್ಳಿ" ಎಂದು ಸಭಾಧ್ಯಕ್ಷರು ಮತ್ತೆ ಗದರಿದರೂ ಆಕೆ ಕೂರಲಿಲ್ಲ. ಶಾಸಕಿಯಾಗುವ ಮೊದಲು ಆಕೆ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದವಳು. ಅಂಗಡಿಯ ಕೆಲಸದವರಿಗೆ ಕೂರಲು ಸ್ಟೂಲು ಕೊಡಲೇಬೇಕೆಂಬ ನಿಯಮವನ್ನು ತೆಗೆದುಹಾಕುವ ಮಸೂದೆಯನ್ನು ಆಕೆಯ ಪಕ್ಷದ ಸರ್ಕಾರವೇ ತಂದಿತ್ತು. ಅದನ್ನು ಇನ್ನೇನು ಮತಕ್ಕೆ ಹಾಕುವುದರಲ್ಲಿದ್ದರು.

ಹಿಂದಿನ ಸಾಲಿನಲ್ಲಿದ್ದ ಪಕ್ಷದ ಸಚೇತಕ ಆಕೆಯ ಅಕ್ಕನ ಗಂಡನೇ. ಆತ ತೋಳು ಜಗ್ಗಿದ. "ಕೂತ್ಕೊಳ್ಳಮ್ಮಾ, ಮಾನ ಕಳೀಬೇಡ. ಮುಂದಿನ ಚುನಾವಣೆಗೆ ನಿನ್ನ ನಿಲ್ಲಿಸಲ್ಲ, ನೋಡು!"

"ನೀವೇನು ನಿಲ್ಲಿಸೋದು ಭಾವ? ಕಾಲು ಊದಿಕೊಳ್ಳೋ ತನಕ ಅಂಗಡೀಲಿ ನಿಂತೋಳು ನಾನು."

ಸದನ ಗೊಳ್ಳೆಂದು ನಕ್ಕಿತು. ಸಭಾಧ್ಯಕ್ಷರು ಸುತ್ತಿಗೆ ಬಡಿದರು. "ಕೈಮುಗೀತೀನಿ, ದಯವಿಟ್ಟು ಕುಳಿತುಕೊಳ್ಳಿ!"

ಆಕೆ ಮೈಕಿನತ್ತ ಬಾಗಿದಳು. "ಕೇಳೋಕೆ ಎಷ್ಟು ಹಿತವಾಗಿದೆ ಸ್ವಾಮಿ, ಈ ಮಾತು. ಅಂಗಡೀಲಿ ಇದ್ದಷ್ಟು ದಿನ ಒಬ್ಬರೂ ನನಗೆ ಹೀಗೆ ಹೇಳಲಿಲ್ಲ. ಇದನ್ನೇ ಮಸೂದೆಗೆ ಸೇರಿಸಿಬಿಡಿ, ಈಗಲೇ ಕೂರ್ತೀನಿ."

ನಗು ಅಲ್ಲಿಗೇ ನಿಂತಿತು. ಮತ್ತೆ ಬಡಿಯಲು ಎತ್ತಿದ ಸುತ್ತಿಗೆಯನ್ನು ಸಭಾಧ್ಯಕ್ಷರು ಸದ್ದಾಗದಂತೆ ಕೆಳಗಿಟ್ಟರು. ತೋಳು ಹಿಡಿದಿದ್ದ ಭಾವನ ಕೈ ಸಡಿಲವಾಯಿತು. ಆತ ಮೆಲ್ಲಗೆ ಎದ್ದು ನಿಂತ. ನಾದಿನಿಯನ್ನು ಕೂರಿಸಲು ಎದ್ದನೋ, ಅವಳ ಜೊತೆ ನಿಲ್ಲಲು ಎದ್ದನೋ, ನನಗೆ ಈಗಲೂ ಗೊತ್ತಿಲ್ಲ.