ನರಕದ ಪುಟ

"ಮನಿತನದ ಗ್ರಂಥಕ್ಕ ಬ್ಲೇಡ್ ಹಾಕ್ಯಾಳ ಈಕಿ!"

ನೇಮಿನಾಥರ ಕೂಗಿಗೆ ಖಾನಾಪುರದ ಆ ಓಣಿಯೇ ಬಾಗಿಲಿಗೆ ಬಂದು ನಿಂತಿತು. ಐನೂರು ವರ್ಷ ಹಳೆಯ ಚಿತ್ರಗಳ ಹಸ್ತಪ್ರತಿ. ತಲೆತಲಾಂತರದಿಂದ ದೇವರ ಕೋಣೆಯ ಪೆಟ್ಟಿಗೆಯಲ್ಲಿತ್ತು. ಪೂಜೆಯನ್ನೆಲ್ಲ ಹೆಂಡತಿಗೆ ಬಿಟ್ಟಿದ್ದ ನೇಮಿನಾಥರು ಅದನ್ನು ತೆರೆದು ಎಷ್ಟೋ ಕಾಲವಾಗಿತ್ತು. ಈಗ ಫೋಟೊ ತೆಗೆಸಲೆಂದು ಬಿಚ್ಚಿದರೆ, ನರಕದ ಪುಟದ ತುಂಬ ಪಾಪಿಗಳನ್ನು ಬಡಿಯುತ್ತಿದ್ದ ಅಸುರರಿಗೆ ಮುಖಗಳೇ ಇರಲಿಲ್ಲ. ಬಣ್ಣ ಕಿತ್ತು ಕಾಗದ ಕಾಣುತ್ತಿತ್ತು.

ಯಾರ ಕೆಲಸವೆಂದು ಕೇಳಬೇಕೆ? ಹೊಸ ಸೊಸೆ ಶರ್ವರಿ ಬಂದ ದಿನದಿಂದ ಮಾತಿಗೆ ಮಾತು ಕೊಡುವವಳು.

"ನಾ ಅದನ್ನ ಮುಟ್ಟೇ ಇಲ್ರಿ, ಮಾವಾರ."

"ಸುಳ್ಳ ಹೇಳಬ್ಯಾಡ! ನಿಮ್ಮತ್ತಿನ್ನ ನೋಡಿ ಕಲಿ. ಮದಿವ್ಯಾದಾಗಿಂದ ಒಂದ ಎದುರುಮಾತು ಆಡಿಲ್ಲ."

ಅವರು ಕೈಯೆತ್ತಿ ತೋರಿಸಿದಾಗ ಬಾಗಿಲ ಬಳಿಯಿದ್ದ ಹೆಂಡತಿ ಅಕ್ಕಾತಾಯಿ ಒಂದು ಹೆಜ್ಜೆ ಹಿಂದೆ ಸರಿದರು.

ಸೊಸೆಯ ಬಾಯಿ ಮುಚ್ಚಿಸಲು ಪುರಾವೆ ಬೇಕಿತ್ತು. ಅತ್ತೆ ಸೊಸೆ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಬೆಳಗಾವಿಯ ಸದಾಶಿವನಗರಕ್ಕೆ, ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ಪ್ರಮಿಳಾ ಅವರ ಮನೆಗೆ ಹೋದರು.

ಪ್ರಮಿಳಾ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ತೀರ್ಥಂಕರರ ಬಂಗಾರದ ಬಣ್ಣಕ್ಕ ಒಂದ ಗೀರೂ ಬಿದ್ದಿಲ್ಲ. ಪಾಪಿಗಳನ್ನೂ ಮುಟ್ಟಿಲ್ಲ. ಹೊಡಿಯೋರ ಮಾರಿ ಅಷ್ಟ ಕೆರದಾರ."

"ಯಾವಾಗ ಕೆರದಾಳ? ಅದನ್ನ ಹೇಳ್ರಿ!"

"ಒಂದ ಸಲಕ್ಕ ಆಗಿದ್ದಲ್ರಿ ಇದು. ಈ ಗೀರಿನಾಗ ದೀಪದ ಮಸಿ ಗಟ್ಟಿಯಾಗಿ ಕುಂತೈತಿ, ಭಾಳ ಹಳೀದು. ಇದು ಅದರ ನಂತರದ್ದು. ಈ ತುದೀದು ಮಾತ್ರ ಹೊಸದು. ಯಾರೋ ವರ್ಷಾನುಗಟ್ಟಲೆ ಒಂದೊಂದ ಕೆರಕೋತ ಬಂದಾರ."

ಶರ್ವರಿ ತಲೆಯೆತ್ತಿದಳು. ಅವಳು ಆ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ನೇಮಿನಾಥರು ಮೇಜು ಗುದ್ದಿದರು. "ಹಂಗಾರ ಯಾರ ಕೆಲಸ ಇದು? ಹೊರಗಿನ ನರಪಿಳ್ಳಿ ಸುದ್ದಾ ಆ ಕೋಣಿಗೆ ಬಂದಿಲ್ಲ!"

ಅಕ್ಕಾತಾಯಿ ಎದ್ದು ಬಂದು ಸೊಸೆಯ ಪಕ್ಕ ನಿಂತರು. ಮೊದಲ ಬಾರಿ ಗಂಡನ ಮುಖವನ್ನು ನೇರವಾಗಿ ನೋಡಿದರು.

"ನೀವು ನನ್ನ ಮ್ಯಾಲ ಕೈ ಮಾಡಿದಾಗೊಮ್ಮೆ ಒಂದೊಂದು ಮಾರಿ ಕೆರದೇನ್ರಿ. ಈಗ ಆ ಪುಟದಾಗ ಯಾವದೂ ಉಳದಿಲ್ಲ."