ಹೆಸರು ಕೇಳದೆ ಹಾಕಿದ ಹಾರ

ಶಾಲೆಯ ಗೇಟಿನೊಳಗೆ ಕಾಲಿಟ್ಟ ಕನ್ನಡಕದವರಿಗೆ ಹೆಡ್‌ಮೇಡಂ ಹೆಸರು ಕೇಳುವ ಮೊದಲೇ ಹಾರ ಹಾಕಿದ್ದರು.

"ಗುರುತಿಲ್ಲದವರಿಗೆ ಪಾಸ್‌ವರ್ಡ್ ಕೊಡಲೇಬೇಡಿ ಮಕ್ಕಳೇ" ಎಂದು ಸೊಗಸಾಗಿ ಭಾಷಣ ಮಾಡಿದ ಅತಿಥಿಗಳು, ಗಟ್ಟಿ ಇದೆಯೋ ಇಲ್ಲವೋ ನೋಡುತ್ತೇನೆಂದು ಎಲ್ಲರ ಪಾಸ್‌ವರ್ಡನ್ನೂ ಚೀಟಿಯಲ್ಲಿ ಬರೆಸಿಕೊಂಡರು. ಮೇಡಂ ತಮ್ಮದನ್ನೇ ಮೊದಲು ಕೊಟ್ಟರು.

ಹತ್ತನೇ ಕ್ಲಾಸಿನ ಚಿನ್ಮಯಿ ಮಾತ್ರ ಎದ್ದು ನಿಂತಳು. "ಮೇಡಂ, ಇವರ ಗುರುತೂ ನಮಗಿಲ್ವಲ್ಲ?"

"ಅಧಿಕಪ್ರಸಂಗಿ! ಬಂದೋರ ಮುಂದೆ ನನ್ನ ಮಾನ ಕಳೀತೀಯಲ್ಲೇ! ನಡಿ, ಗೇಟ್ ಹತ್ರ ನಿಂತ್ಕೋ!"

ಶಾಲು, ಹಣ್ಣಿನ ಬುಟ್ಟಿ, ಚೀಟಿಗಳ ಕಟ್ಟು ಎಲ್ಲವನ್ನೂ ಹೊತ್ತು ಅತಿಥಿಗಳು ಹೊರಟರು. ಮೇಡಂ ಕೈಮುಗಿದು ಬೀಳ್ಕೊಟ್ಟರು. ಹತ್ತು ನಿಮಿಷಕ್ಕೆ ಫೋನ್ ಬಂತು.

"ಮೇಡಂ, ಇವತ್ತಿನ ಭಾಷಣಕ್ಕೆ ನೀವು ಕರೆದಿದ್ರಲ್ಲ, ನಾನೇ. ಗಾಡಿ ಪಂಕ್ಚರ್ ಆಗಿ ತಡವಾಯ್ತು. ಗೇಟಲ್ಲಿ ಒಬ್ಬಳು ಹುಡುಗಿ ಗುರುತಿನ ಚೀಟಿ ತೋರಿಸದೆ ಒಳಗೆ ಬಿಡಲ್ಲ ಅಂತಿದಾಳೆ!"