ಕಾಲುಂಗುರ

ಕೊಟ್ಟಿಗೆಹಾರದ ಅಂಗಡಿಯಲ್ಲಿ ನವಣೆ ಅಳೆಯುವಾಗ ಏಳುವ ಧೂಳಿನ ವಾಸನೆಗೆ ನಾನು ಈಗಲೂ ಹೊರಗೆ ಬಂದು ನಿಲ್ಲುತ್ತೇನೆ.

ಅಪ್ಪ ಬಾಳೂರಿನ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕ್ವಾರ್ಟರ್ಸಿನ ಹಿಂದೆ ಜಾಲರಿ ಕಟ್ಟಿ, ನವಣೆ ಹಾಕಿ ಬಡ್ಜಿಗಳನ್ನು ಸಾಕಿದ್ದರು. ನಾವು ಲವ್ ಬರ್ಡ್ಸ್ ಅಂತಿದ್ದೆವು. ಒಂದೇ ತಾಯಿಯ ಮರಿಗಳಿಗೆಲ್ಲ ಒಂದೇ ಬಣ್ಣದ ಕಾಲುಂಗುರ. ಒಂದೇ ಬಣ್ಣದವು ಜೋಡಿಯಾಗಲು ಅವರು ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗೂಡಿನ ಮಡಕೆ ಇಳಿಸಿದರೆ, ಮರಿಗಳ ಕಾಲುಗಳು ಸೊಟ್ಟಗೆ ಎರಡು ಕಡೆಗೆ ಚಾಚಿಕೊಂಡಿದ್ದವು. ಅಪ್ಪ ತಾಯಿ ಹಕ್ಕಿಯನ್ನು ಹಿಡಿದು ನೋಡಿದರು. ಕೆಂಪು ಉಂಗುರ. ಗಂಡಿನದ್ದೂ ಕೆಂಪೇ.

"ಅಣ್ಣ ತಂಗಿ ಕೂಡಿಬಿಟ್ಟಿದಾವೆ. ರಕ್ತ ಕೆಟ್ಟಿದ್ದನ್ನ ಉಳಿಸಬಾರದು ಮಾರಾಯ್ತಿ," ಎಂದು ನನಗೆ ಹೇಳುತ್ತಲೇ ಒಂದು ಮರಿಯ ಕತ್ತು ತಿರುಚಿದರು. ಒಣ ಪುರಲೆ ಕಡ್ಡಿ ಮುರಿದಂಥ ಸದ್ದು. ತಾಯಿ ಹಕ್ಕಿ ಅವರ ಹೆಬ್ಬೆರಳನ್ನು ರಕ್ತ ಬರುವ ಹಾಗೆ ಕಚ್ಚಿತು. ಅದನ್ನು ಜಾಲರಿಗೆ ಅಪ್ಪಳಿಸಿ, ಇನ್ನೊಂದು ಮರಿಯನ್ನು ಎತ್ತಿಕೊಂಡರು.

ಅಷ್ಟರಲ್ಲಿ ಅಮ್ಮ ಬಂದು ನಿಂತಳು. ಸೊಂಟದ ಮೇಲೆ ನನ್ನ ತಂಗಿ ಪುಟ್ಟಿ. ಐದು ತುಂಬಿದರೂ ಅವಳಿಗೆ ನೆಲದ ಮೇಲೆ ಕಾಲೂರಲು ಆಗುತ್ತಿರಲಿಲ್ಲ. ಅಮ್ಮ ಅಪ್ಪನಿಗೆ ಸ್ವಂತ ಅಕ್ಕನ ಮಗಳು. ಮದುವೆಯಾದ ಮೇಲೂ ಅವರನ್ನು ಮಾವ ಅಂತಲೇ ಕರೆಯುತ್ತಿದ್ದಳು.

"ಮಾವ, ಇವಳಿಗೆ ಯಾವ ಬಣ್ಣದ ಕಾಲುಂಗುರ ಹಾಕ್ತೀರಿ?"

ಅಪ್ಪ ಮರಿಯನ್ನು ಕೆಳಗೆ ಬಿಸಾಡಿ ಅದೇ ಕೈಯಲ್ಲಿ ಹೊಡೆದರು. ಅಮ್ಮ ಹೋಗಿ ಜಾಲರಿಗೆ ಬಿದ್ದಳು, ಪುಟ್ಟಿಯನ್ನು ಮಾತ್ರ ಬಿಡಲಿಲ್ಲ. ಅಮ್ಮನ ಕೆನ್ನೆಯ ಮೇಲೆ ಅಪ್ಪನ ಹೆಬ್ಬೆರಳಿನ ರಕ್ತ, ಅದಕ್ಕೆ ಅಂಟಿಕೊಂಡ ಒಂದು ಹಸಿರು ಪುಕ್ಕ.

ಪುಟ್ಟಿ ಅದನ್ನು ಉಫ್ ಉಫ್ ಎಂದು ಊದುತ್ತಾ ನಗತೊಡಗಿದಳು.